ಅಳಿಯ ಕಟ್ಟಿದ ಸರಪಳಿ

ಫಾಲ್ಗುಣ ಮುಗಿಯುತ್ತಾ ಬಂದಿತ್ತು. ಗುರುದ್ವಾರದಲ್ಲಿ ಬೆಳಗಿನ ಪಾಠ ಮುಗಿದು, ಎಮ್ಮೆಗಳ ಹಾಲು ಕರೆಯುವ ಹೊತ್ತು. ಪಂಜಾಬಿನ ನಮ್ಮ ಸಮಾನಾ ಸುತ್ತಿನ ಗೋಧಿ ಇನ್ನೂ ಹಸಿರಾಗಿಯೇ ಇತ್ತು. ದಕ್ಷಿಣಕ್ಕೆ ಎರಡು ದಿನದ ದಾರಿಯಾಚೆ ಹರ್ದಾ ಕಡೆ ಮಾತ್ರ ಆಗಲೇ ತೆನೆ ಒಣಗಿ ಗಲಗಲ ಅನ್ನುತ್ತಿದೆ ಎಂದು ಸುದ್ದಿ ಬಂದಿತ್ತು. ಪ್ರತಿ ವರ್ಷ ಹೀಗೇ. ಅಲ್ಲಿಗೆ ಮೊದಲು ಹೋಗಿ, ಕೊಯ್ಯುತ್ತಾ ಕೊಯ್ಯುತ್ತಾ ಮೇಲೆ ಬಂದು, ಬೈಸಾಖಿಯ ಹೊತ್ತಿಗೆ ನಮ್ಮ ಹೊಲ ಮುಟ್ಟಬೇಕು. ಆ ವಾರ ನಮ್ಮ ಊರುಗಳಲ್ಲಿ ಎಲ್ಲಿ ನೋಡಿದರೂ ಕೊಯ್ಲಿನ ಮಷಿನುಗಳು ಟ್ರೇಲರ್ ಹತ್ತುತ್ತಿರುತ್ತವೆ.

ನಾನು ದರ್ಬಾರಾ ಸಿಂಗನ ಮಷಿನಿನ ಜೊತೆ ಅಡುಗೆಯವನಾಗಿ ಹೋಗುವವನು. ಹೆಸರು ಲಾಭ ಸಿಂಗ್. ಯಾರೂ ಹಾಗೆ ಕರೆಯುವುದಿಲ್ಲ, ಎಲ್ಲರಿಗೂ ಚಾಚಾ. ಹಿಟ್ಟಿನ ಚೀಲ, ಸ್ಟೋವು, ಹೊದಿಕೆಗಳು, ಎಲ್ಲವನ್ನೂ ಮಷಿನಿನ ಕಾಳಿನ ತೊಟ್ಟಿಯೊಳಗೆ ಇಟ್ಟು ಕಟ್ಟಿಕೊಂಡು ಹೋಗುತ್ತಿದ್ದೆವು.

ಮಷಿನು ಓಡಿಸುವವನು ಬಿಕ್ಕರ್ ಸಿಂಗ್. ಅವನಿಗೆ ಉಸ್ತಾದ್ ಅನ್ನುತ್ತಾರೆ. ದರ್ಬಾರಾನ ಮಗಳು ರೂಪಿ ಹುಟ್ಟುವುದಕ್ಕೆ ಮೊದಲಿನಿಂದ ಆ ಸೀಟಿನ ಮೇಲೆ ಕೂತವನು. ಆ ಹುಡುಗಿ ನಡೆಯಲು ಕಲಿತ ವರ್ಷ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಡೀ ಹೊಲ ಕೊಯ್ದಿದ್ದ. ಬಿಕ್ಕರ್‌ಗೆ ಹೊಲವಿಲ್ಲ, ಮನೆಯೂ ಅಣ್ಣನ ಜೊತೆ ಅರ್ಧ ಪಾಲು. ಅವನಿಗಿದ್ದದ್ದು ಹೆಸರು ಒಂದೇ. ನಮ್ಮವರಲ್ಲಿ ಹೊಲದಲ್ಲಿ ಬೆಲ್ಟು ಹರಿದರೆ, ಬ್ಲೇಡು ಮುರಿದರೆ ಯಾರೂ ಏನೂ ಅನ್ನುವುದಿಲ್ಲ. ಹೊಲ ಅಂದ ಮೇಲೆ ಕಲ್ಲಿರುತ್ತದೆ. ದಾರಿಯಲ್ಲಿ ಮಷಿನು ಕೆಡಿಸಿದ ಅನ್ನುವ ಮಾತು ಹತ್ತಿತೋ, ಸಮಾನಾದಿಂದ ಹರ್ದಾದವರೆಗೆ ಯಾವ ಮಾಲೀಕನೂ ಅವನನ್ನು ಸೀಟಿನ ಹತ್ತಿರ ಬಿಡುವುದಿಲ್ಲ.

ಅದಕ್ಕೇ ಬಿಕ್ಕರ್ ಹೊರಡುವ ಮುಂಚೆ ಮದುಮಗಳನ್ನು ಸಿಂಗರಿಸಿದ ಹಾಗೆ ಮಷಿನನ್ನು ಸಿದ್ಧ ಮಾಡುತ್ತಿದ್ದ. ಮುಂದಿನ ಕಟ್ಟರನ್ನು ಬಿಚ್ಚಿ ಬೇರೆ ಮಲಗಿಸಿ, ಅದರ ಹಲ್ಲುಗಳ ಉದ್ದಕ್ಕೂ ಸೀಳಿದ ಬಿದಿರು ತೊಡಿಸಿ, ಸೈಕಲ್ಲಿನ ಹಳೇ ಟ್ಯೂಬಿನಿಂದ ಬಿಗಿಯುತ್ತಿದ್ದ. ಹೊಗೆ ಕೊಳವೆಯ ಬಾಯಿಗೆ ತುಪ್ಪದ ಖಾಲಿ ಡಬ್ಬ. ಬೆಲ್ಟುಗಳನ್ನೆಲ್ಲ ಸಡಿಲಿಸಿ, ಕಾಳು ಸುರಿಯುವ ಕೊಳವೆಯನ್ನು ಮಡಚಿ ಗೋಣಿ ಸುತ್ತಿ, ಚಕ್ರಗಳ ಹಿಂದೆ ಮುಂದೆ ಮರದ ದಿಮ್ಮಿ ಕೊಟ್ಟು, ಕೊನೆಗೆ ಸರಪಳಿ. ಸರಪಳಿ ಮುಂದೆಯೂ ಹಿಂದೆಯೂ ಅಚ್ಚಿಗೇ ಬೀಳಬೇಕು. ಬೇರೆ ಯಾವುದನ್ನು ಹಿಡಿದರೂ ದಾರಿಯ ಹೊಂಡಗಳು ಅದನ್ನು ತಿಂದು ಹಾಕುತ್ತವೆ. ಇದು ಬಿಕ್ಕರ್ ಒಬ್ಬನಿಗೇ ಗೊತ್ತಿದ್ದ ಗುಟ್ಟಲ್ಲ. ನಮ್ಮಲ್ಲಿ ಎಮ್ಮೆ ಕಾಯುವವರಿಗೂ ಗೊತ್ತು.

ದರ್ಬಾರಾನ ಮನೆಯಲ್ಲಿ ಒಂದು ಪದ್ಧತಿ. ಮೊದಲ ಸರಪಳಿಯನ್ನು ಮನೆಯ ಹಿರಿಯ ಕಟ್ಟಬೇಕು. ಅಳಿಯ ಬಂದಿದ್ದರೆ ಆ ಮರ್ಯಾದೆ ಅಳಿಯನದು. ಅಳಿಯ ಕಟ್ಟಿದ್ದನ್ನು ಮಷಿನು ಮುಟ್ಟಬೇಕಾದ ಊರು ಮುಟ್ಟುವವರೆಗೆ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಅವನ ಕೈಯನ್ನೇ ತಳ್ಳಿದ ಹಾಗೆ. ಹಿಂದಿನ ಅಳಿಯಂದಿರು ಸರಪಳಿ ಮುಟ್ಟಿ, ಫೋಟೋ ತೆಗೆಸಿಕೊಂಡು, ಲಸ್ಸಿ ಕುಡಿಯಲು ಹೋಗುತ್ತಿದ್ದರು. ಕೊಕ್ಕೆ ಹಾಕುವವನು ಬಿಕ್ಕರ್.

ಆ ವರ್ಷ ರೂಪಿಯ ಗಂಡ ಮನವೀರ್ ಬಂದಿದ್ದ. ದೀಪಾವಳಿಯಿಂದ ರೂಪಿ ತವರಿನಲ್ಲೇ ಇದ್ದಳು. ಏನು ದೊಡ್ಡ ಕಾರಣವಲ್ಲ. ಅವನಿಗೆ ತನ್ನ ಹೊಸ ಬುಲೆಟ್ಟಿನ ಗೇರು ಹಾಕಲು ಬರುವುದಿಲ್ಲ ಅಂತ ಅವನ ತಮ್ಮಂದಿರ ಎದುರಿಗೆ ಅವಳು ನಕ್ಕಿದ್ದಳಂತೆ. ನಮ್ಮಪ್ಪನ ಮನೆಯಲ್ಲಿ ಹೆಂಗಸರೂ ಇದಕ್ಕಿಂತ ಚೆನ್ನಾಗಿ ಓಡಿಸುತ್ತಾರೆ ಅಂದಳಂತೆ. ಅವನು ತವರಿಗೆ ತಂದು ಬಿಟ್ಟವನು ಚಳಿಗಾಲ ಪೂರ್ತಿ ಈ ಕಡೆ ತಲೆ ಹಾಕಲಿಲ್ಲ. ಹಿರಿಯರು ಹೋಗಿ ಅವನ ಕಾಲ ಬಳಿ ಪೇಟ ಇಟ್ಟು ಕೇಳಿಕೊಂಡ ಮೇಲೆ ಕರೆದೊಯ್ಯಲು ಬಂದಿದ್ದ. ರೂಪಿಯ ಟ್ರಂಕು ಕಟ್ಟಿ ಹಜಾರದಲ್ಲಿ ಇಟ್ಟಾಗಿತ್ತು.

ಮನವೀರ್ ಕೆಟ್ಟ ಹುಡುಗನಲ್ಲ. ಬಿಳಿ ಕುರ್ತಾ ತೊಟ್ಟುಕೊಂಡೇ ಟ್ರೇಲರ್ ಹತ್ತಿದ.

"ಬಿಡಿ ಉಸ್ತಾದ್‌ಜಿ, ಮುಟ್ಟೋದಲ್ಲ, ಪೂರ್ತಿ ನಾನೇ ಕಟ್ತೀನಿ," ಅಂದ. "ನನಗೆ ಮಷಿನ್ ಗೊತ್ತಿಲ್ಲ ಅಂತ ನಿಮ್ಮ ಹುಡುಗಿ ಊರೆಲ್ಲ ಸಾರಿದ್ದಾಳೆ."

"ಕುರ್ತಾಕ್ಕೆ ಗ್ರೀಸ್ ಆಗುತ್ತೆ ಅಳಿಯಂದ್ರೇ," ಅಂದ ಬಿಕ್ಕರ್.

"ಆಗ್ಲಿ. ಒಗೆಯೋಳು ಅವಳೇ ತಾನೆ?"

ಬಾಗಿಲ ಹತ್ತಿರ ನಿಂತಿದ್ದ ರೂಪಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಚಳಿಗಾಲವೆಲ್ಲ ಆ ಹುಡುಗಿ ನಕ್ಕದ್ದು ನಾನು ನೋಡಿರಲಿಲ್ಲ.

ಮನವೀರ್ ಹಿಂದಿನ ಚಕ್ರಗಳ ನಡುವೆ ತೂರಿ, ಕೈಗೆ ಸಿಕ್ಕ ಕಬ್ಬಿಣಕ್ಕೆ ಸರಪಳಿ ಸುತ್ತಿ, ಅದನ್ನು ಎಳೆದು ಹಿಡಿಯುವ ಕಬ್ಬಿಣದ ಹಿಡಿ ಹಾಕಿ ಬಿಗಿದ. ಕೈಗೆ ಸಿಕ್ಕದ್ದು ಅಚ್ಚಲ್ಲ, ಸ್ಟೇರಿಂಗ್ ರಾಡು. ಕೊಯ್ಲಿನ ಮಷಿನು ತಿರುಗುವುದು ಹಿಂದಿನ ಚಕ್ರಗಳಿಂದ. ಎರಡೂ ಚಕ್ರ ಒಂದೇ ಕಡೆ ನೋಡುವ ಹಾಗೆ ಹಿಡಿದಿರುವುದು ಆ ರಾಡು. ನೋಡಲು ದಪ್ಪ, ಆದರೆ ಅಡ್ಡ ಎಳೆತ ತಾಳುವುದಕ್ಕೆ ಮಾಡಿದ್ದಲ್ಲ.

ಅಂಗಳದಲ್ಲಿದ್ದವರೆಲ್ಲ ನೋಡಿದರು. ದರ್ಬಾರಾ ನೋಡಿದ. ಟ್ರೇಲರ್ ಓಡಿಸುವ ಬೂಟಾ ಕೆಮ್ಮಿದ. ಬಿಕ್ಕರ್ ನನ್ನ ಮುಖ ನೋಡಿದ. ದರ್ಬಾರಾ ಚಪ್ಪಾಳೆ ತಟ್ಟಿ, "ಬಲ್ಲೇ ಬಲ್ಲೇ! ಹಾಕಿ ಜೈಕಾರ!" ಅಂದ. ಎಲ್ಲರೂ ಕೂಗಿದೆವು. ಕಡಾ ಪ್ರಸಾದದ ಹಲ್ವಾ ಹಂಚಿದರು.

ಬಿಕ್ಕರ್ ನನ್ನ ಪಕ್ಕಕ್ಕೆ ಬಂದು ಮೆತ್ತಗೆ, "ಊರು ದಾಟ್ಲಿ ಚಾಚಾ. ಕಾಲುವೆ ಸೇತುವೆ ಹತ್ರ ನಿಲ್ಲಿಸಿ ಬಿಚ್ಚಿ ಕಟ್ಕೋತೀನಿ," ಅಂದ. ಅದು ಸರಿಯಾದ ಮಾತೇ. ಅಳಿಯ ಮನೆಯಲ್ಲಿ, ನಾವು ದಾರಿಯಲ್ಲಿ, ಯಾರು ನೋಡುತ್ತಾರೆ?

ಅಷ್ಟರಲ್ಲಿ ಮನವೀರ್ ಬೂಟಾನ ಪಕ್ಕದ ಸೀಟಿಗೆ ಹತ್ತಿ ಕೂತಿದ್ದ. "ನಾನೂ ಬರ್ತೀನಿ. ಮೊದಲ ಹೊಲ ಕೊಯ್ಯೋದು ನೋಡಿ ರೈಲಿಗೆ ವಾಪಸ್ ಬರ್ತೀನಿ. ಆಮೇಲೆ ಇವಳನ್ನ ಕರ್ಕೊಂಡು ಹೋಗ್ತೀನಿ." ದರ್ಬಾರಾನ ಮುಖದಲ್ಲಿ ರಕ್ತ ಇಳಿದದ್ದು ನಾನು ಕಂಡೆ. ಬಾಯಲ್ಲಿ ಮಾತ್ರ, "ಅದಕ್ಕಿಂತ ಸಂತೋಷ ಏನಿದೆ ಬೇಟಾ," ಅಂದ.

ಟ್ರಂಕು ಹಜಾರದಲ್ಲೇ ಉಳಿಯಿತು. ದರ್ಬಾರಾನೂ ಸೇರಿ ನಾವು ಐವರು ಹೊರಟೆವು.

ಕಾಲುವೆ ಸೇತುವೆ ಬಂತು, ಹೋಯಿತು. ಕೈತಲ್ ದಾಟಿದೆವು. ನಿಲ್ಲಿಸಿದಲ್ಲೆಲ್ಲ ಅಳಿಯ ಮೊದಲು ಇಳಿದು ಹಿಂದಕ್ಕೆ ಹೋಗಿ ತನ್ನ ಸರಪಳಿಯನ್ನು ತಟ್ಟಿ ನೋಡುತ್ತಿದ್ದ. ಬೂಟಾ ಗೊಣಗಿದ, "ಹೆಂಡತೀನ ಹೀಗೆ ದಿನಕ್ಕೆ ನಾಲ್ಕು ಸಲ ವಿಚಾರಿಸಿದ್ರೆ ಅವಳು ತವರಿಗೇ ಬರ್ತಿರ್ಲಿಲ್ಲ." ಬಿಕ್ಕರ್ ನಗಲಿಲ್ಲ. ಪ್ರತಿ ಹೊಂಡಕ್ಕೂ ಅವನು ಹಲ್ಲು ಕಚ್ಚುತ್ತಿದ್ದ.

ಮಾರನೆಯ ದಿನ ಚಂಬಲ್ ದಾಟಿದ ಮೇಲೆ ರಸ್ತೆ ಅನ್ನುವುದು ಹೆಸರಿಗೆ ಮಾತ್ರ. ಮಧ್ಯಾಹ್ನ ಒಂದು ಢಾಬಾದಲ್ಲಿ ನಿಲ್ಲಿಸಿದಾಗ ಬಿಕ್ಕರ್ ಕೈ ತೊಳೆಯುವ ನೆಪದಲ್ಲಿ ದರ್ಬಾರಾನನ್ನು ಪಂಪಿನ ಹತ್ತಿರ ಕರೆದ. ನಾನು ಅಲ್ಲೇ ಪಾತ್ರೆಗೆ ನೀರು ಹಿಡಿಯುತ್ತಿದ್ದೆ.

"ಸರ್ದಾರ್ಜಿ, ರಾಡು ಆಗ್ಲೇ ಬಾಗ್ತಿದೆ. ಕಣ್ಣಿಗೇ ಕಾಣುತ್ತೆ. ನೀವೇ ಒಂದು ಮಾತು ಹೇಳಿ."

"ಏನಂತ ಹೇಳ್ಲಿ? ಬುಲೆಟ್ ಗೇರಿನ ಮಾತಿಗೆ ಚಳಿಗಾಲ ಪೂರ್ತಿ ಹೋಯ್ತು. ಈಗ ಸರಪಳೀನೂ ಕಟ್ಟೋಕೆ ಬರಲ್ಲ ಅಂತ ಹೇಳ್ಲಾ? ಅದೂ ಡ್ರೈವರ್ ಅಡುಗೆಯವರ ಮುಂದೆ?"

"ರಾಡು ಹೋದ್ರೆ?"

"ಹೋದ್ರೆ ನನ್ನ ತಲೆ ಮೇಲೆ. ನಾಲ್ಕು ಜನರ ಮುಂದೆ ನಾನೇ ಹೇಳ್ತೀನಿ, ಬಿಕ್ಕರ್‌ದು ತಪ್ಪಿಲ್ಲ ಅಂತ. ಚಾಚಾ ಸಾಕ್ಷಿ. ಸರಿನಾ ಚಾಚಾ?"

ನಾನು ಹ್ಞೂಂ ಅಂದೆ. ಆದರೂ ಒಂದು ಉಪಾಯ ಹೊಳೆಯಿತು. ತೊಟ್ಟಿಯಿಂದ ಸ್ಟೋವು ಇಳಿಸಿ, ಢಾಬಾದ ಹಿಂದಿನ ಬೇವಿನ ಮರದ ಕೆಳಗೆ ಮಂಚ ಹಾಕಿಸಿ, "ಅಳಿಯಂದ್ರೇ, ಇಲ್ಲಿಯ ಎಣ್ಣೆ ನಿಮ್ಮ ಹೊಟ್ಟೆಗಾಗಲ್ಲ. ನನ್ನ ಕೈಯ ಪಕೋಡ ತಿನ್ನಿ," ಅಂದೆ. ಈರುಳ್ಳಿ, ಮೆಂತ್ಯ, ಮೆಣಸಿನಕಾಯಿ, ಇದ್ದದ್ದೆಲ್ಲ ಕರಿದೆ. ಒಂದು ಬಾಣಲೆ ಮುಗಿದರೆ ಇನ್ನೊಂದು. ಅಲ್ಲಿಂದ ಟ್ರೇಲರ್ ಕಾಣುತ್ತಿರಲಿಲ್ಲ. ಬಿಕ್ಕರ್ ಆಗಲೇ ಅದರ ಮೇಲೆ ಹತ್ತಿದ್ದ. ಸರಪಳಿಯ ಹಿಡಿ ಟಕ್ ಅಂದದ್ದು ನನ್ನ ಕಿವಿಗೆ ಬಿತ್ತು.

ಹುಡುಗನ ಒಳ್ಳೆಯತನವೇ ಕೆಡಿಸಿತು. "ಉಸ್ತಾದ್‌ಜಿ ಎಲ್ಲಿ? ಬಿಸಿ ಇದ್ದಾಗ ತಿನ್ಲಿ," ಅಂತ ತಟ್ಟೆ ತುಂಬಿಕೊಂಡು ಎದ್ದೇಬಿಟ್ಟ. ನಾನು ಚಟ್ನಿ ಅಂದೆ, ಚಹಾ ಅಂದೆ, ಅವನು ನಿಲ್ಲಲಿಲ್ಲ. ಹಿಂದೆಯೇ ಓಡಿದೆ. ಬಿಕ್ಕರ್ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಕೈಯಲ್ಲಿ ಬಿಚ್ಚಿದ ಹಿಡಿ.

"ಏನಾಯ್ತು? ಸಡಿಲ ಆಗಿದೆಯಾ?" ಅಂದ ಮನವೀರ್. ಮುಖ ಆಗಲೇ ಬಿಗಿದಿತ್ತು. "ನಾನು ಕಟ್ಟಿದ್ದು ಸರಿ ಇಲ್ವಾ?"

ಬಿಕ್ಕರ್ ಬಾಯಿ ತೆರೆಯುವುದರೊಳಗೆ ದರ್ಬಾರಾ ಬಂದು ನಕ್ಕುಬಿಟ್ಟ. "ಸರಿ ಇಲ್ದೆ ಏನು? ಎಷ್ಟು ಗಟ್ಟಿ ಅಂದ್ರೆ, ಈ ಮುದುಕ ಬಲ ನೋಡೋಕೆ ಹೋಗಿ ಸೋತ. ಅಲ್ವೇನೋ ಬಿಕ್ಕರ್?"

ಬಿಕ್ಕರ್ ನನ್ನನ್ನು ನೋಡಿದ, ದರ್ಬಾರಾನನ್ನು ನೋಡಿದ. "ಹೌದು ಅಳಿಯಂದ್ರೇ. ಗಟ್ಟಿ ಇದೆ."

ಹುಡುಗನ ಮುಖ ಅರಳಿತು. ತಟ್ಟೆಯನ್ನು ಬಿಕ್ಕರ್‌ನ ಕೈಗೆ ಕೊಟ್ಟು, ತಾನೇ ಹತ್ತಿ, ಹಿಡಿ ಹಾಕಿ, ಮೊದಲಿಗಿಂತ ಇನ್ನೊಂದು ಸುತ್ತು ಹೆಚ್ಚಿಗೆ ಬಿಗಿದ. ಬಿಕ್ಕರ್ ತಟ್ಟೆ ಹಿಡಿದು ನಿಂತಿದ್ದ. ಒಂದು ಪಕೋಡವನ್ನೂ ಮುಟ್ಟಲಿಲ್ಲ.

ಹರ್ದಾ ಮುಟ್ಟಿದಾಗ ಬೆಳಗಿನ ಬಿಸಿಲು. ನಾವು ಮೊದಲು ಕೊಯ್ಯಬೇಕಾಗಿದ್ದ ಪಟೇಲರ ಹೊಲದ ಪಕ್ಕ, ಕಾಲುವೆಯ ಏರಿಗೆ ತಾಗಿದಂತೆ ಮಷಿನು ಇಳಿಸುವ ಮಣ್ಣಿನ ದಿಬ್ಬ. ಟ್ರೇಲರಿನ ಹಿಂಭಾಗವನ್ನು ದಿಬ್ಬಕ್ಕೆ ಒತ್ತಿ ನಿಲ್ಲಿಸಿ, ಮಷಿನನ್ನು ಹಿಮ್ಮುಖವಾಗಿ ಇಳಿಸಬೇಕು. ಪಟೇಲರು, ಅವರ ಆಳುಗಳು, ಪಕ್ಕದ ಹೊಲಕ್ಕೆ ಬಂದಿದ್ದ ನಮ್ಮ ಕಡೆಯ ಇನ್ನೊಂದು ತಂಡದವರು, ಎಲ್ಲ ನಿಂತಿದ್ದರು.

ಸರಪಳಿಯನ್ನು ಮನವೀರನೇ ಬಿಚ್ಚಿದ. "ನೋಡಿ, ಒಂದು ಕೊಂಡೀನೂ ಸಡಿಲ ಆಗಿಲ್ಲ!" ಅಂತ ಎಲ್ಲರಿಗೂ ತೋರಿಸಿದ. ನಿಜ, ಸರಪಳಿ ಅಲ್ಲಾಡಿರಲಿಲ್ಲ. ರಾಡು ಬಿಲ್ಲಿನ ಹಾಗೆ ಬಾಗಿತ್ತು. ಹಿಂದಿನ ಎರಡು ಚಕ್ರಗಳು ಜಗಳ ಆಡಿದ ಅಣ್ಣತಮ್ಮಂದಿರ ಹಾಗೆ ಒಂದು ಆ ಕಡೆ, ಒಂದು ಈ ಕಡೆ ಮುಖ ಮಾಡಿದ್ದವು.

ಬಿಕ್ಕರ್ ಕೆಳಗೆ ಬಗ್ಗಿ ನೋಡಿ ಎದ್ದ. "ಸರ್ದಾರ್ಜಿ, ಮಷಿನ್ ಮೇಲೇ ಇರ್ಲಿ. ಪೇಟೇಲಿ ಹೊಸ ರಾಡು ಸಿಗುತ್ತೆ, ಸಂಜೆಯೊಳಗೆ ಹಾಕಿ ಇಳಿಸ್ತೀನಿ."

"ಯಾಕೆ, ರಾಡಿಗೆ ಏನಾಗಿದೆ?" ಅಂದ ಮನವೀರ್.

ಪಕ್ಕದ ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದರ್ಬಾರಾ ಬಿಕ್ಕರ್‌ನ ಭುಜದ ಮೇಲೆ ಕೈ ಹಾಕಿ ಪಕ್ಕಕ್ಕೆ ತಿರುಗಿಸಿದ. ನಾನು ಹತ್ತಿರದಲ್ಲೇ ಇದ್ದೆ, ಕೇಳಿಸಿತು.

"ಹತ್ತು ಹೆಜ್ಜೆ ಜಾಗ. ಮೆತ್ತಗೆ ಇಳಿಸು. ಇಳಿದ ಮೇಲೆ ರಾಡು ಬದಲಾಯಿಸೋಣ. ಅವನು ನಾಳೆ ರೈಲು ಹತ್ತುತ್ತಾನೆ."

"ಇಳಿಜಾರಲ್ಲಿ ಚಕ್ರ ನನ್ನ ಮಾತು ಕೇಳಲ್ಲ ಸರ್ದಾರ್ಜಿ. ಪಕ್ಕಕ್ಕೆ ಹೋಗುತ್ತೆ."

"ನನ್ನ ತಲೆ ಮೇಲೆ ಅಂದಿಲ್ವಾ? ಎಷ್ಟು ಸಲ ಹೇಳ್ಲಿ? ರೂಪಿ ನಿನ್ನ ಮಗಳಲ್ವಾ?"

ಆ ಕೊನೆಯ ಮಾತು ಆಡಬಾರದಿತ್ತು. ಬಿಕ್ಕರ್ ಹತ್ತಿ ಕೂತ.

ಹಿಂದಿನ ಚಕ್ರಗಳು ದಿಬ್ಬಕ್ಕೆ ಇಳಿದವು. ಬಿಕ್ಕರ್ ಎಷ್ಟು ನಿಧಾನವಾಗಿ ಬಿಟ್ಟನೆಂದರೆ ಮಣ್ಣು ಚಕ್ರದ ಕೆಳಗೆ ಪುಡಿಯಾಗುವುದು ಕಾಣುತ್ತಿತ್ತು. ಮುಂದಿನ ಚಕ್ರಗಳು ಟ್ರೇಲರಿನ ಅಂಚು ಬಿಡುತ್ತಿದ್ದ ಹಾಗೆ ಭಾರ ಎಲ್ಲ ಹಿಂದಕ್ಕೆ ಬಂತು, ಟಣ್ ಅಂತ ರಾಡು ತುಂಡಾಯಿತು. ಎಡಗಡೆಯ ಚಕ್ರ ಅಡ್ಡಕ್ಕೆ ತಿರುಗಿ ದಿಬ್ಬದ ಅಂಚನ್ನು ಕಿತ್ತುಕೊಂಡಿತು. ಮಷಿನು ಒಮ್ಮೆಲೇ ಬೀಳಲಿಲ್ಲ. ಮುದಿ ಎಮ್ಮೆ ಮಲಗುವ ಹಾಗೆ ವಾಲಿ ವಾಲಿ ಕಾಲುವೆಯ ಕಡೆಗೆ ಒರಗಿತು. ಗೋಣಿ ಸುತ್ತಿದ ಕೊಳವೆ ಅಡಿಯಲ್ಲಿ ಅಪ್ಪಚ್ಚಿಯಾಯಿತು. ತೊಟ್ಟಿಯಿಂದ ನನ್ನ ಹಿಟ್ಟಿನ ಚೀಲ ಜಾರಿ ನೀರಿಗೆ ಬಿತ್ತು. ಬಿಕ್ಕರ್ ಕೊನೆಯ ಗಳಿಗೆಯಲ್ಲಿ ಹಾರಿದ. ಬಲಗೈ ಮಣಿಕಟ್ಟು ತಿರುಚಿಕೊಂಡಿತು.

ಪಟೇಲರು ಓಡಿ ಬಂದು, "ಏನಿದು ಸರ್ದಾರ್ಜಿ? ನನ್ನ ಗೋಧಿ ಒಣಗಿ ನಿಂತಿದೆ! ಹೆಂಗಾಯ್ತು ಇದು?" ಅಂದರು.

ನಾಲ್ಕು ಜನ ಅಲ್ಲ, ಇಪ್ಪತ್ತು ಜನ ಇದ್ದರು. ಮನವೀರ್ ಸರಪಳಿಯನ್ನು ಇನ್ನೂ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ. ದರ್ಬಾರಾ ಅವನ ಕಡೆ ನೋಡಿದ, ಮಷಿನಿನ ಕಡೆ ನೋಡಿದ.

"ಉಸ್ತಾದನಿಗೆ ವಯಸ್ಸಾಯ್ತು ಪಟೇಲರೇ," ಅಂದ. "ಅಂಚು ಕಣ್ಣಿಗೆ ಕಾಣ್ಲಿಲ್ಲ."

ಬಿಕ್ಕರ್ ಮಣಿಕಟ್ಟು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದವನು ತಲೆ ಎತ್ತಿದ. "ಇನ್ನೊಂದ್ಸಲ ಹೇಳಿ ಸರ್ದಾರ್ಜಿ."

ದರ್ಬಾರಾ ಪಟೇಲರ ತೋಳು ಹಿಡಿದು ನೆರಳಿಗೆ ಕರೆದುಕೊಂಡು ಹೋದ. ಮನವೀರ್ ಬಂದು ಬಿಕ್ಕರ್‌ನ ಪಕ್ಕ ಕೂತು, ತನ್ನ ಕರವಸ್ತ್ರದಿಂದ ಕೈ ಕಟ್ಟಿ, "ಬೇಜಾರು ಮಾಡ್ಕೋಬೇಡಿ ಉಸ್ತಾದ್‌ಜಿ. ಯಾರಿಗಾದ್ರೂ ಆಗುತ್ತೆ," ಅಂದ. ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನಾವೆಲ್ಲ ನೋಡಿಕೊಂಡಿದ್ದೆವಲ್ಲ.

ಕ್ರೇನು ತಂದು ಮಷಿನನ್ನು ಎತ್ತಿ ನಿಲ್ಲಿಸಿದರು. ಪಟೇಲರ ಹೊಲವನ್ನು ಪಕ್ಕದ ತಂಡದವರು ಕೊಯ್ದರು. ಸಂಜೆಯೊಳಗೆ ಧಾನ್ಯದ ಮಂಡಿಯ ಮೈದಾನದಲ್ಲಿ ಬಿಡಾರ ಹಾಕಿದ್ದ ಪಂಜಾಬಿನ ತಂಡಗಳಿಗೆಲ್ಲ ಸುದ್ದಿ ತಲುಪಿತ್ತು. ಬಿಕ್ಕರ್ ಚಹಾಕ್ಕೆ ಹೋದರೆ ಒಬ್ಬ, "ಬನ್ನಿ ಉಸ್ತಾದ್! ಮಷಿನ್‌ಗೆ ಕಾಲುವೇಲಿ ಸ್ನಾನ ಮಾಡಿಸಿದ್ರಂತೆ?" ಅಂದ. ಇನ್ನೊಬ್ಬ, "ಕಣ್ಣಿಗೆ ನಮ್ಮೂರಲ್ಲಿ ಪುಕ್ಕಟೆ ಆಪರೇಷನ್ ಮಾಡ್ತಾರೆ," ಅಂದ. ಅವರು ಬಿಕ್ಕರ್‌ನಿಂದಲೇ ಬ್ಲೇಡು ಹಾಕಲು ಕಲಿತವರು.

ನನಗೆ ತಡೆಯಲಾಗಲಿಲ್ಲ. "ನಾನು ಹೇಳ್ತೀನಿ ನಡೆದದ್ದು," ಅಂದೆ. ಬಿಕ್ಕರ್ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದ.

"ಹುಡುಗಿ ಹೋಗ್ಲಿ ಚಾಚಾ. ಅವಳ ಟ್ರಂಕು ಆ ಮನೆ ಹೊಸಿಲು ದಾಟ್ಲಿ. ಆಮೇಲೆ ದರ್ಬಾರಾನೇ ಹೇಳ್ತಾನೆ. ಮಾತು ಕೊಟ್ಟಿದ್ದಾನೆ, ನೀನೇ ಸಾಕ್ಷಿ."

"ಹೇಳ್ದೆ ಇದ್ರೆ?"

"ಅವನ ಜೊತೆ ನನ್ನ ಗಡ್ಡ ಬೆಳ್ಳಗಾಗಿದೆ. ಹೇಳ್ತಾನೆ."

ಮನವೀರ್ ರೈಲು ಹತ್ತಿ ಹೋದ. ಮಷಿನಿನ ರಿಪೇರಿ ನಡೆಯುತ್ತಿತ್ತು. ಬಿಕ್ಕರ್ ಊದಿದ ಕೈಯಲ್ಲೇ ಮೆಕ್ಯಾನಿಕ್ಕಿನ ಜೊತೆ ನಿಂತು ಒಂದೊಂದೇ ಬೋಲ್ಟು ತೋರಿಸುತ್ತಿದ್ದ. ನಾನು ಕೊಟ್ಟ ರೊಟ್ಟಿ ತಿನ್ನುವಾಗ ಮಾತ್ರ ಆಗಾಗ ಕೇಳುತ್ತಿದ್ದ, "ಊರಿಂದ ಫೋನ್ ಬಂತಾ ಚಾಚಾ?"

ಭಾನುವಾರ ಬಂತು. ಎಲ್ಲ ತಂಡದವರೂ ಚಹಾಕ್ಕೆ ಸೇರಿದ್ದ ಹೊತ್ತು. ದರ್ಬಾರಾ ಫೋನಿನಲ್ಲಿ ಮಾತಾಡಿ, ಕಣ್ಣು ಒರೆಸಿಕೊಂಡು, ಅಲ್ಲೇ ಬರ್ಫಿ ತರಿಸಿದ. "ನನ್ನ ಮಗಳು ಗಂಡನ ಮನೆಗೆ ಹೊರಟಳು ಕಣ್ರಯ್ಯಾ! ಬಾಯಿ ಸಿಹಿ ಮಾಡ್ಕೊಳ್ಳಿ!"

ಬಿಕ್ಕರ್ ಎದ್ದು ನಿಂತ. ಪೇಟ ಸರಿ ಮಾಡಿಕೊಂಡ. "ವಾಹೆಗುರು ಅವಳನ್ನ ಚೆನ್ನಾಗಿಟ್ಟಿರ್ಲಿ," ಅಂದ. ಆಮೇಲೆ, "ಸರ್ದಾರ್ಜಿ, ನಾಲ್ಕು ಜನ ಇದ್ದಾರೆ," ಅಂದ.

ದರ್ಬಾರಾ ಅವನ ಅಂಗೈಯಲ್ಲಿ ಎರಡು ಬರ್ಫಿ ಇಟ್ಟು ಬೆರಳು ಮಡಚಿದ. "ತಿನ್ನು ಬಿಕ್ಕರ್. ನಿನ್ನ ತೊಡೆ ಮೇಲೆ ಆಡಿದೋಳು." ಅಷ್ಟೇ. ಎಲ್ಲರ ಕಡೆ ತಿರುಗಿ, ಸಮಾನಾದಿಂದ ಹೊಸ ಉಸ್ತಾದ್ ರೈಲು ಹತ್ತಿದ್ದಾನೆ, ನಾಳೆ ಬರುತ್ತಾನೆ, ಕಣ್ಣು ಚುರುಕಾದ ಹುಡುಗ, ಅಂದ.

"ದರ್ಬಾರಾ, ನನ್ನನ್ನ ಸಾಕ್ಷಿ ಅಂದಿದ್ದೆ," ಅಂದೆ ನಾನು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಅಂದೆ. "ಸರಪಳಿ ಕಟ್ಟಿದ್ದು ಯಾರು, ಬಿಚ್ಚೋಕೆ ಬಿಡದೆ ಇದ್ದಿದ್ದು ಯಾರು, ಹೇಳು."

"ಚಾಚಾ, ನಿನ್ನ ಬೇಳೆ ಸೀಯ್ತಾ ಇದೆ, ಹೋಗಿ ನೋಡು," ಅಂದ ದರ್ಬಾರಾ. ಜನ ನಕ್ಕರು. ಅಡುಗೆಯವನ ಮಾತಿಗೆ ಮಷಿನಿನವರು ಯಾವತ್ತು ಕಿವಿ ಕೊಟ್ಟಿದ್ದಾರೆ? ಒಬ್ಬಿಬ್ಬರು ಬಿಕ್ಕರ್‌ನ ಮುಖ ನೋಡಿದರು, ಅವನೇನಾದರೂ ಹೇಳುತ್ತಾನೋ ಅಂತ. ಅವನು ಬರ್ಫಿಯನ್ನು ತಟ್ಟೆಗೆ ವಾಪಸು ಇಟ್ಟು ಹೊರಗೆ ನಡೆದ.

ಆಮೇಲೆ ದರ್ಬಾರಾ ಒಬ್ಬನೇ ನನ್ನ ಒಲೆಯ ಹತ್ತಿರ ಬಂದ. ಕೂರಲಿಲ್ಲ. "ಇವತ್ತು ಹೇಳಿದ್ರೆ ನಾಳೆ ಸಮಾನಾದಲ್ಲಿ, ನಾಡಿದ್ದು ಅಳಿಯನ ತಮ್ಮಂದಿರ ಬಾಯಲ್ಲಿ. ಆ ಟ್ರಂಕು ವಾಪಸ್ ಬರುತ್ತೆ ಚಾಚಾ. ಇದು ಯಾವತ್ತೂ ಹೇಳೋ ಮಾತಲ್ಲ."

"ಹಾಗಿದ್ರೆ ಪಂಪಿನ ಹತ್ರ ಮಾತು ಯಾಕೆ ಕೊಟ್ಟೆ?"

"ಕೊಡದೆ ಇದ್ರೆ ಬಿಕ್ಕರ್ ಸುಮ್ನಿರ್ತಿದ್ನಾ?" ಅಂದು ಹೋದ.

ಬೆಳಿಗ್ಗೆ ಬಿಕ್ಕರ್ ತನ್ನ ಹೊದಿಕೆ ಸುತ್ತಿದ. ಒಂದು ಕೈಯಲ್ಲಿ ಗಂಟು ಬಿಗಿಯಲಾಗದೆ ನನ್ನ ಕಡೆ ಚಾಚಿದ, ನಾನು ಕಟ್ಟಿಕೊಟ್ಟೆ. ಆರು ಪರಾಠ, ಉಪ್ಪಿನಕಾಯಿ ಬಟ್ಟೆಯಲ್ಲಿ ಕಟ್ಟಿದೆ. ಯಾವ ತಂಡಕ್ಕೆ ಹೋಗುತ್ತೀಯ ಅಂತ ನಾನು ಕೇಳಲಿಲ್ಲ, ಕೇಳಿದರೆ ಅವನು ಏನು ಹೇಳಬೇಕು? ದರ್ಬಾರಾ ಆ ಹೊತ್ತಿಗೆ ಹೊಸ ಉಸ್ತಾದನನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದ. ಇಬ್ಬರೂ ಅಲ್ಲೇ ಎದುರಾಗಿರಬೇಕು, ಆಗದೆಯೂ ಇರಬಹುದು.

ರೂಪಿ ಗಂಡನ ಮನೆಗೆ ಹೋದದ್ದು ಭಾನುವಾರ. ಬಿಕ್ಕರ್ ಹೋದದ್ದು ಸೋಮವಾರ.